ಒಪ್ಪತ್ತಿನ ದಿನ ಆರು ಊಟ

ಪ್ರತಿ ಭಾನುವಾರ ಬೆಳಿಗ್ಗೆ ಅಮ್ಮನ ಎಡತೊಡೆಯ ಸುತ್ತಳತೆಯನ್ನು ಟೈಲರ್ ಟೇಪಿನಲ್ಲಿ ಅಳೆಯುತ್ತಿದ್ದೆ. ಮಂಡಿಚಿಪ್ಪಿನಿಂದ ಒಂದು ಗೇಣು ಮೇಲೆ, ಪೆನ್ನಿನಲ್ಲಿ ಹಾಕಿದ ಸಣ್ಣ ಗೆರೆಯ ಮೇಲೆ. ಅವಳು ಸೀರೆಯನ್ನು ಬೇಕಾದಷ್ಟು ಮಾತ್ರ ಸರಿಸಿ ಗೋಡೆಯ ಕಡೆ ನೋಡುತ್ತಿದ್ದಳು. ನಾನು ಟೇಪಿನ ಅಂಕಿ ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ನಮ್ಮಲ್ಲಿ ಒಬ್ಬರನ್ನೊಬ್ಬರು ಮುಟ್ಟಿ ಮಾತಾಡಿಸುವ ರೂಢಿಯಿಲ್ಲ. ಆ ಎರಡು ನಿಮಿಷ ಇಬ್ಬರಿಗೂ ಕಷ್ಟವಾಗುತ್ತಿತ್ತು.

ಫೆಬ್ರವರಿಯಲ್ಲಿ ಅವಳು ನಿಟ್ಟೂರಿನ ಮನೆಯ ಹಿತ್ತಿಲ ಮೆಟ್ಟಿಲಲ್ಲಿ ಜಾರಿ ತೊಡೆಮೂಳೆ ಮುರಿದುಕೊಂಡಳು. ತುಮಕೂರಿನಲ್ಲಿ ಆಪರೇಷನ್ ಆದ ಮೇಲೆ ಮರಳೂರಿನ ನನ್ನ ಬಾಡಿಗೆ ಮನೆಗೆ ಕರೆದುಕೊಂಡು ಬಂದೆ. ಮೂಳೆ ಕೂಡಿಕೊಂಡಿತು. ಮಲಗಿದ್ದ ವಾರಗಳಲ್ಲಿ ಕರಗಿದ ತೊಡೆ ಮಾತ್ರ ತುಂಬಲಿಲ್ಲ. ಕುರ್ಚಿಯಿಂದ ಏಳಬೇಕಾದರೆ ಎರಡೂ ಕೈ ಊರಬೇಕಿತ್ತು. ಅವಳು ಊರಿನ ಶಾಲೆಯಲ್ಲಿ ಬಹಳ ವರ್ಷಗಳಿಂದ ಬಿಸಿಯೂಟದ ಅಡುಗೆಯವಳು. ಶಾಲೆ ತೆರೆಯುವ ಹೊತ್ತಿಗೆ ಒಲೆಯಿಂದ ಸಾಂಬಾರಿನ ಪಾತ್ರೆ ಇಳಿಸುವಷ್ಟು ಬಲ ಬರದಿದ್ದರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆ. ಇದನ್ನು ಅವಳು ನನಗೆ ಒಂದೇ ಸಲ ಹೇಳಿದಳು. ಅದೂ ಆಸ್ಪತ್ರೆಯ ಲಿಫ್ಟಿನಲ್ಲಿ, ಬೇರೆ ಜನರ ಮಧ್ಯೆ.

ನಾನು ಕುಣಿಗಲ್ಲಿನ ಒಂದು ಕಾಲೇಜಿನಲ್ಲಿ ಆಹಾರ ವಿಜ್ಞಾನ ಪಾಠ ಮಾಡುತ್ತೇನೆ. ಸ್ನಾಯು ಬೆಳೆಯುವುದು ಹೇಗೆಂದು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿದವಳು. ಹಾಗಾಗಿ ಒಂದು ಪಟ್ಟಿ ಮಾಡಿದೆ. ಮೂರು ಗಂಟೆಗೊಮ್ಮೆ ಪ್ರೋಟೀನ್, ವ್ಯಾಯಾಮ ಮುಗಿದ ಅರ್ಧ ಗಂಟೆಯೊಳಗೆ ಒಂದು ಪಾಲು, ಮಲಗುವ ಮುಂಚೆ ಒಂದು ಪಾಲು. ಹೆಸರುಕಾಳಿನ ಉಸ್ಲಿ, ಮೊಸರು, ಹುರಿಗಡಲೆ ಪುಡಿ ಕಲಸಿದ ಹಾಲು, ವಾರದಲ್ಲಿ ಮೂರು ದಿನ ಮೊಟ್ಟೆ. ರೂಲರ್ ಇಟ್ಟು ಗೆರೆ ಎಳೆದು, ಊಟ ೧, ಊಟ ೨ ಎಂದು ಊಟ ೬ರವರೆಗೆ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಎಂಟಕ್ಕೆ ಮನೆ ಬಿಟ್ಟರೆ ನಾನು ಮರಳುವುದು ಸಂಜೆ ಐದೂವರೆಗೆ. ಹಗಲಿನ ಪಾಲುಗಳನ್ನು ಸ್ಟೀಲ್ ಡಬ್ಬಿಗಳಲ್ಲಿ ಹಾಕಿ, ಅವಳ ಫೋನಿನಲ್ಲಿ ಅಲಾರಂ ಇಟ್ಟು ಹೋಗುತ್ತಿದ್ದೆ.

ಮಧ್ಯಾಹ್ನ ಸ್ಟಾಫ್ ರೂಮಿನಿಂದ ಫೋನ್ ಮಾಡುತ್ತಿದ್ದೆ.

"ಡಬ್ಬಿ ಖಾಲಿ ಆಯ್ತಾ?"

"ಆಯ್ತು."

"ಎರಡೂ?"

"ಎರಡೂ ಖಾಲಿ ಕಣೇ. ನೀನೇನ್ ಇನ್‌ಸ್ಪೆಕ್ಟ್ರಾ?"

ಏಪ್ರಿಲ್ ಕಳೆಯಿತು. ಟೇಪಿನ ಅಂಕಿ ಅಲ್ಲೇ ನಿಂತಿತ್ತು. ಒಂದು ಭಾನುವಾರ ಅರ್ಧ ಸೆಂಟಿಮೀಟರ್ ಕಡಿಮೆಯೂ ಆಯಿತು. ತಪ್ಪು ಹೊತ್ತಿನಲ್ಲಿದೆ ಎಂದುಕೊಂಡು, ವ್ಯಾಯಾಮದ ನಂತರದ ಪಾಲನ್ನು ಕಾಲು ಗಂಟೆ ಮುಂಚೆಯೇ ತಿನ್ನುವಂತೆ ಬದಲಿಸಿದೆ. ಮೂರು ಗಂಟೆಯ ಅಂತರವನ್ನು ಎರಡೂವರೆ ಮಾಡಿದೆ. ಸಂಜೆ ಹೆಬ್ಬೂರು ದಾಟುವಾಗ ಬಸ್ಸಿನಲ್ಲಿ ನಿಂತುಕೊಂಡೇ ಹೊಸ ಸಮಯಗಳನ್ನು ನನ್ನ ಫೋನಿನಲ್ಲಿ ಬರೆದುಕೊಂಡು, ಮನೆಗೆ ಬಂದು ಅವಳ ಅಲಾರಂ ಬದಲಿಸುತ್ತಿದ್ದೆ. ಅಮ್ಮ ಹೊಸ ಪಟ್ಟಿಯನ್ನು ಓದಿ ತಲೆಯಾಡಿಸುತ್ತಿದ್ದಳು.

ಒಂದು ಗುರುವಾರ ಡಬ್ಬಿ ತೊಳೆಯಲು ತೆಗೆದರೆ ಅದು ಆಗಲೇ ತೊಳೆದಿತ್ತು. ಮುಚ್ಚಳ ತೆರೆದೆ. ಒಳಗೆ ಒಂದು ಹಿಡಿ ಕರಿಬೇವು, ಎರಡು ನಿಂಬೆಹಣ್ಣು. ನಮ್ಮ ಮನೆಯಲ್ಲಿ ಕರಿಬೇವಿನ ಗಿಡವಿಲ್ಲ. ಕೆಳಗಿನ ಮನೆಯ ಓನರ್ ಆಂಟಿಯ ಅಂಗಳದಲ್ಲಿದೆ. ಯಾರದಾದರೂ ಪಾತ್ರೆಯನ್ನು ಹಿಂದಿರುಗಿಸುವಾಗ ಬರಿದಾಗಿ ಕೊಡಬಾರದು ಎಂಬುದನ್ನು ನಮ್ಮ ಕಡೆ ಯಾರೂ ಹೇಳಿಕೊಡಬೇಕಿಲ್ಲ.

ಕೆಳಗೆ ಹೋದೆ.

"ನಿಮ್ಮಮ್ಮ ಕೊಡೋ ಉಸ್ಲಿ ಅಂದ್ರೆ ನಮ್ ಮನೇಲಿ ಕಾಯ್ಕೊಂಡ್ ಕೂತಿರ್ತಾರೆ ಕಣಮ್ಮ," ಎಂದರು ಆಂಟಿ. "ಸೋಮವಾರ, ಗುರುವಾರ, ಶುಕ್ರವಾರ, ಶನಿವಾರ ತಪ್ಪಿಲ್ಲ, ನಾನೇ ಮೇಲ್ ಬಂದು ಡಬ್ಬಿ ಈಸ್ಕೊಂಡ್ ಬರ್ತೀನಿ. ಯಾಕಕ್ಕ ಅಂದ್ರೆ, ಜಾಸ್ತಿ ಮಾಡ್ಬಿಟ್ಟವ್ಳೆ, ಅವ್ಳಿಗೆ ಅಳತೆ ಗೊತ್ತಿಲ್ಲ ಅಂತಾರೆ."

ನನಗೆ ಅಳತೆ ಗೊತ್ತಿಲ್ಲ. ಮೆಟ್ಟಿಲು ಹತ್ತುವಾಗ ಆ ಮಾತು ಕಿವಿಯಲ್ಲೇ ಇತ್ತು.

ಅಮ್ಮ ಕುರ್ಚಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಡಬ್ಬಿಯನ್ನು ಎದುರಿಗಿಟ್ಟೆ. ಅವಳು ನಿಂಬೆಹಣ್ಣು ನೋಡಿದಳು.

"ವಾರಕ್ಕೆ ನಾಲ್ಕು ದಿನ ಒಪ್ಪತ್ತು ಹಿಡ್ದಿದೀನಿ," ಎಂದಳು. "ಆಸ್ಪತ್ರೇಲೇ ಹರಕೆ ಹೇಳ್ಕಂಡೆ, ಕಾಲು ಬರ್ಲಿ ಅಂತ. ಹರಕೆನ ಬಾಯ್ಬಿಟ್ಟು ಹೇಳ್ಬಾರ್ದು."

"ಒಪ್ಪತ್ತಲ್ಲಿ ಫಲಾರ ತಿನ್ಬೋದಲ್ಲಮ್ಮ. ಉಸ್ಲಿ, ಹಾಲು, ಮೊಸರು."

"ಫಲಾರ ತಿನ್ಬೋದು. ನೀನು ಊಟ ಅಂತ ಬರ್ದಿದೀಯ. ಒಪ್ಪತ್ತು ಅಂತ ಹೇಳ್ಕಂಡು ಆರು ಊಟ ಮಾಡಕ್ಕಾಗ್ತದಾ? ದೇವ್ರಿಗೆ ಕಣ್ಣಿಲ್ವಾ?"

"ಫೋನಲ್ಲಿ ದಿನಾ ಕೇಳ್ತಿದ್ನಲ್ಲ."

"ಡಬ್ಬಿ ಖಾಲಿ ಆಯ್ತಾ ಅಂದೆ. ಆಗಿತ್ತು. ತಿಂದ್ಯಾ ಅಂತ ಯಾವತ್ತು ಕೇಳ್ದೆ?"

ನಿಜ. ಒಮ್ಮೆಯೂ ಕೇಳಿರಲಿಲ್ಲ. ಅವಳು ಸುಳ್ಳು ಹೇಳಿದ್ದಳೆಂದು ಸಿಟ್ಟು ಮಾಡಿಕೊಳ್ಳಲು ಕೂಡ ನನಗೆ ಜಾಗವಿರಲಿಲ್ಲ.

ಮಾರನೆಯ ಸಂಜೆ, ಅಮ್ಮನಿಗೆ ವ್ಯಾಯಾಮ ಮಾಡಿಸಲು ಬರುವ ಫಿಜಿಯೊಥೆರಪಿಸ್ಟ್ ಹುಡುಗಿಗೆ ಎಲ್ಲವನ್ನೂ ಹೇಳಿದೆ. ಅವಳು ಫ್ರಿಜ್ಜಿನ ಮೇಲಿನ ಪಟ್ಟಿಯನ್ನು ಪೂರ್ತಿ ಓದಿದಳು.

"ಮೇಡಂ, ಇಷ್ಟೊಂದು ಗಡಿಯಾರ ನೋಡೋದ್ ಬೇಡ. ದಿನ ಮುಗಿಯೋದ್ರೊಳಗೆ ಒಟ್ಟು ಎಷ್ಟು ಹೊಟ್ಟೆಗೆ ಹೋಯ್ತು, ಕುರ್ಚಿಯಿಂದ ಎಷ್ಟು ಸಲ ಎದ್ದು ಕೂತ್ರು, ಅಷ್ಟು ನೋಡಿ. ಮೂರು ಸಲ ತಿಂದ್ರೂ ನಡೆಯತ್ತೆ, ಆರು ಸಲ ತಿಂದ್ರೂ ನಡೆಯತ್ತೆ. ಅಮ್ಮನ ವಯಸ್ಸಿಗೆ ಒಂದೊಂದು ಸಲಾನೂ ಸ್ವಲ್ಪ ಗಟ್ಟಿಯಾಗಿ ತಿಂದ್ರೆ ಒಳ್ಳೇದು, ಅಷ್ಟೆ."

ಆಮೇಲೆ ನನ್ನ ನೋಟ್ಸ್ ತೆಗೆದು ನೋಡಿದೆ. ದಿನದ ಒಟ್ಟು ಪ್ರಮಾಣವೇ ಮುಖ್ಯ, ಹೊತ್ತಿನ ಲೆಕ್ಕ ಅದರ ನಂತರದ ಸಣ್ಣ ಮಾತು ಎಂದು ನನ್ನದೇ ಅಕ್ಷರದಲ್ಲಿ ಇತ್ತು. ವಿದ್ಯಾರ್ಥಿಗಳಿಗೆ ಅದನ್ನು ಓದಿ ಹೇಳಿದ್ದೆ. ಮನೆಗೆ ಬಂದಾಗ ಮಾತ್ರ ಸಣ್ಣ ಮಾತನ್ನೇ ಹಿಡಿದುಕೊಂಡಿದ್ದೆ. ಬಹುಶಃ ಅಲಾರಂ ಇಡುವುದು ದೂರದಿಂದ ಮಾಡಬಹುದಾದ ಕೆಲಸ. ಎದುರು ಕೂತು ತಿನ್ನಿಸುವುದು ಹಾಗಲ್ಲ.

ಹೊಸ ಹಾಳೆಯಲ್ಲಿ ಮೂರೇ ಸಾಲು ಬರೆದೆ. ಒಪ್ಪತ್ತಿನ ದಿನಗಳಿಗೆ ಊಟ ಒಂದು, ಫಲಾರ ಎರಡು. ಅಮ್ಮ ಅದನ್ನು ಓದಿ, "ಹಿಂಗೆ ಬರ್ದಿದ್ರೆ ಆಗ್ತಿತ್ತಲ್ಲ," ಎಂದಳು. ಅಂದಿನಿಂದ ತಿಂದಳು. ಎರಡನೆಯ ಭಾನುವಾರ ಟೇಪಿನ ಅಂಕಿ ಒಂದಿಷ್ಟು ಏರಿತು. ಮೇ ಕೊನೆಗೆ ಒಂದೇ ಕೈ ಊರಿ ಏಳತೊಡಗಿದಳು. ಆದರೆ ಅಷ್ಟರಲ್ಲಿ ಶಾಲೆ ತೆರೆಯುವ ದಿನ ಬಂದೇಬಿಟ್ಟಿತು.

ಶಾಲೆ ತೆರೆದ ದಿನ ಗುಬ್ಬಿಯ ಮೇಲೆ ಹೋಗುವ ಬಸ್ಸಿನಲ್ಲಿ ನಿಟ್ಟೂರಿಗೆ ಹೋದೆವು. ಅಡುಗೆಮನೆಯಲ್ಲಿ ಅವಳ ಜೊತೆಗಾತಿ ಸಾಂಬಾರು ಕುದಿಸುತ್ತಿದ್ದಳು. ಅಮ್ಮ ಸೆರಗು ಸಿಕ್ಕಿಸಿ, ಬಟ್ಟೆ ಹಿಡಿದು, ಪಾತ್ರೆಯ ಒಂದು ಬದಿಗೆ ನಿಂತಳು. ಇನ್ನೊಂದು ಬದಿಗೆ ಜೊತೆಗಾತಿ. ಪಾತ್ರೆ ಒಲೆಯಿಂದ ನಾಲ್ಕು ಬೆರಳು ಮೇಲೆದ್ದಿತು. ಅಮ್ಮನ ಎಡ ಮಂಡಿ ನಡುಗುವುದು ಸೀರೆಯ ಮೇಲಿಂದಲೇ ಕಾಣಿಸಿತು. ಸಾಂಬಾರು ಅಂಚಿಗೆ ಬಂತು. ಅಷ್ಟರಲ್ಲಿ ಮತ್ತೆ ಒಲೆಯ ಮೇಲೆ ಇಟ್ಟುಬಿಟ್ಟರು.

"ಬುಡಕ್ಕೋ," ಎಂದಳು ಜೊತೆಗಾತಿ, "ಮೊದ್ಲಾದ್ರೆ ನನ್ನೂ ಸೇರ್ಸಿ ಎತ್ತಾಕ್ತಿದ್ದೆ. ಕುತ್ಕೊ, ಉಪ್ಪು ನೋಡು."

ಅಮ್ಮ ನಕ್ಕಳು. ಅಂಗೈಯಲ್ಲಿ ಸಾಂಬಾರು ಹಾಕಿಸಿಕೊಂಡು ಉಪ್ಪು ನೋಡಿ, ಸರಿಯಿದೆ ಎಂದಳು. ಮುಂದಿನ ಸೋಮವಾರದಿಂದ ಬೇರೊಬ್ಬರು ಬರುತ್ತಾರೆಂದು ಹೆಡ್ ಮೇಡಂ ಮೃದುವಾಗಿಯೇ ತಿಳಿಸಿದರು.

ಏಪ್ರಿಲಿನಲ್ಲಿ ಕೆಳಗಿನ ಮನೆಗೆ ಹೋದ ಡಬ್ಬಿಗಳಷ್ಟೂ ಅವಳ ಹೊಟ್ಟೆಗೆ ಹೋಗಿದ್ದರೆ ಏನಾಗುತ್ತಿತ್ತೋ, ಹೇಳಲಾರೆ. ಆ ಲೆಕ್ಕವನ್ನು ನಾನು ಮಾಡಿ ನೋಡಿಲ್ಲ.

ಮರಳೂರಿಗೆ ಬಂದ ಸಂಜೆ ಹೇಳಿದೆ: "ಒಪ್ಪತ್ತು ಬಿಡಮ್ಮ ಇನ್ನ."

"ಪಾತ್ರೆ ಇಳ್ಸೋ ತಂಕ ಅಂತ ಹೇಳ್ಕಂಡಿದೀನಿ. ಇಳ್ಸಿದ್ನಾ?"

ಈಗಲೂ ವಾರಕ್ಕೆ ನಾಲ್ಕು ದಿನ ಒಪ್ಪತ್ತು ನಡೆಯುತ್ತಿದೆ. ಪಟ್ಟಿ ಫ್ರಿಜ್ಜಿನ ಮೇಲಿದೆ. ಟೇಪನ್ನು ಹೊಲಿಗೆ ಡಬ್ಬಿಯೊಳಗೆ ಇಟ್ಟಿದ್ದೇನೆ. ಮಧ್ಯಾಹ್ನ ಸ್ಟಾಫ್ ರೂಮಿನಿಂದ ಫೋನ್ ಮಾಡಿ, ಫಲಾರ ತಿಂದ್ಯಾ ಎಂದು ಕೇಳುತ್ತೇನೆ. ತಿಂದೆ ಎನ್ನುತ್ತಾಳೆ. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಫೋನ್ ಇಡುವುದಿಲ್ಲ.