ಏಲಕ್ಕಿ ರಾಶಿಯೂ ಅಕ್ಕನ ತಲೆಯೂ

ಆಗ ನನಗೆ ಅರವತ್ತೆಂಟು. ನಾಲ್ಕು ವರ್ಷದ ಹಿಂದಿನ ಮಾತು. ಅದುವರೆಗೆ ಯಾರಾದರೂ ವಿಚಿತ್ರ ಕಂಡೆ ಎಂದರೆ ಮುಖದ ಮುಂದೆಯೇ ನಗುತ್ತಿದ್ದೆ. ಕೆಲಸವಿಲ್ಲದವರಿಗೆ ಕಾಣುವಂಥದ್ದು ಅದು. ಈಗ ನಾನೇ ಹೇಳಲು ಹೊರಟಿದ್ದೇನೆ, ನಗುವವರು ನಗಲಿ.

ನಾನೂ ಅಕ್ಕನೂ ಬೋಡಿ ಊರಿನ ಏಲಕ್ಕಿ ಮಂಡಿಯಲ್ಲಿ ಮೂವತ್ತು ವರ್ಷ ಎದುರುಬದುರು ಕೂತು ಕಾಯಿ ಆಯ್ದವರು. ನಡುವೆ ಒಂದೇ ಮೊರ. ದಪ್ಪದ್ದು, ಸಣ್ಣದ್ದು, ಒಡೆದದ್ದು ಬೇರೆ ಬೇರೆ ರಾಶಿ. ಇಬ್ಬರ ಹಿಡಿಯೂ ಮುಗಿಯದೆ ಮೊರ ಕುಟ್ಟಿ ಮುಂದಿನ ಹಿಡಿ ತೆಗೆದುಕೊಳ್ಳುವಂತಿಲ್ಲ. ಮೊದಲು ಮುಗಿಸಿದವಳು ಕಾಯಬೇಕು.

ಅಕ್ಕನಿಗೆ ಪಾರ್ಶ್ವವಾಯು ಬಡಿದು ಮಾತೂ ಹೋಯಿತು, ಕೈಕಾಲೂ ಹೋಯಿತು. ಕಣ್ಣು ತೆರೆದಿರುತ್ತಿತ್ತು, ಯಾರನ್ನೂ ನೋಡುತ್ತಿರಲಿಲ್ಲ. ದಿನಾ ಒಬ್ಬಳು ಬಂದು ಅವಳ ಕೈಕಾಲು ಆಡಿಸಿ ವ್ಯಾಯಾಮ ಮಾಡಿಸುತ್ತಿದ್ದಳು. ಅವಳ ಮಗ ಮುರುಗೇಶ ಹಾಸಿಗೆಯ ಪಕ್ಕದಲ್ಲೇ ನಿಂತು ತನ್ನ ತಂಗಿಗೆ ಹೇಳಿದ: "ಅವ್ವನಿಗೆ ಇನ್ನೇನೂ ತಿಳಿಯಾಕಿಲ್ಲ. ಕೈಕಾಲು ಆಡ್ಸೋಳನ್ನ ನಿಲ್ಸಿಬಿಡು." ಪೆರಿಯಕುಳದಲ್ಲಿ ಮಾವು ಮಾರುವವನು, ಕೊಳೆತ ಹಣ್ಣು ಎತ್ತಿ ಹಾಕಿದಂತೆ ಹೇಳಿದ. ಅವನಿಗೆ ಚೆನ್ನಾಗಿ ಬೈದೆ. ಒಳಗೊಳಗೆ ನಾನೂ ಹಾಗೇ ಅಂದುಕೊಂಡಿದ್ದೆ.

ಆ ತಂಗಿ ವಿಜಯಾಳಿಗೆ ದಿಂಡಿಗಲ್ಲಿನಲ್ಲಿ ಮೆದುಳಿನ ಚಿತ್ರ ತೆಗೆದು ಪರೀಕ್ಷೆ ಮಾಡುವ ಕೆಲಸ. ತಾಯಿಯನ್ನು ಯಂತ್ರದೊಳಗೆ ಮಲಗಿಸಿದ್ದಳು. ಹೋಲಿಸಲು ಗಟ್ಟಿಮುಟ್ಟಾದ ಮುದಿ ತಲೆ ಬೇಕೆಂದು ಆರು ದಿನ ಬಿಟ್ಟು ನನ್ನನ್ನೂ ಕರೆಸಿದಳು.

"ಚಿಕ್ಕವ್ವಾ, ಏನೂ ನೆನೀಬ್ಯಾಡ, ಚುಮ್ಮಾ ಮಲ್ಕೋ" ಎಂದಳು. ಓದಿದವರ ಬುದ್ಧಿ ಇಷ್ಟೇ. ಬದುಕಿರುವವಳು ಏನೂ ನೆನೆಯದೆ ಹೇಗೆ ಮಲಗುತ್ತಾಳೆ? ಯಂತ್ರ ಬಡಿಯತೊಡಗಿತು, ನಾನು ಮನಸ್ಸಿನಲ್ಲೇ ಏಲಕ್ಕಿ ಆಯತೊಡಗಿದೆ. ನಡುವೆ ಮೂಗು ತುರಿಸಿತು. ಅಲುಗಬಾರದು ಎಂದಿದ್ದಳಲ್ಲ, ಹಲ್ಲು ಕಚ್ಚಿಕೊಂಡೆ, ಕಾಯಿ ಮರೆತುಹೋಯಿತು. ತುರಿಕೆ ಹೋದ ಮೇಲೆ ಮತ್ತೆ ಶುರು ಮಾಡಿದೆ.

ಮಧ್ಯಾಹ್ನ ಕಂಪ್ಯೂಟರ್ ಮುಂದೆ ಕೂರಿಸಿ ವಿವರಿಸಿದಳು. ಮೆದುಳಿನ ಒಂದೊಂದು ಚುಕ್ಕಿಗೂ ಏರಿಳಿಯುವ ಒಂದು ಗೆರೆಯಂತೆ. ಒಂದೇ ಹೊತ್ತಿಗೆ ಏರಿ ಇಳಿಯುವ ಚುಕ್ಕಿಗಳನ್ನು ಕಂಪ್ಯೂಟರ್ ಒಂದು ರಾಶಿಗೆ ಹಾಕುತ್ತದಂತೆ, ಯಾವ ರಾಶಿ ಏನೆಂದು ಯಾರೂ ಹೇಳಿಕೊಡದೆ. ನಾನು ಮಾಡಿದ್ದೂ ಅದೇ ಕೆಲಸ, ನನಗೆ ಯಾರೂ ಪದವಿ ಕೊಡಲಿಲ್ಲ.

ಹಿಂದೆ ಅಲ್ಲಿ ಚಿತ್ರ ತೆಗೆಸಿಕೊಂಡವರೂ ಸೇರಿ ಎಲ್ಲರ ಚುಕ್ಕಿಗಳನ್ನೂ ಒಟ್ಟಿಗೆ ಹಾಕಿದಳು. ಸುಮ್ಮನೆ ಮಲಗಿದವರಲ್ಲಿ ಒಬ್ಬರ ತಲೆಯದು ಇನ್ನೊಬ್ಬರದರೊಂದಿಗೆ ಸೇರುವುದಿಲ್ಲವಂತೆ. ಆದರೆ ಒಂದು ರಾಶಿಯಲ್ಲಿ ಇಬ್ಬರಿದ್ದೆವು, ನಾನೂ ಅಕ್ಕನೂ. ಬೆರಳಾಡಿಸುವ ಜಾಗದ ಚುಕ್ಕಿಗಳು. ವಿಜಯಾ ಪರದೆಯತ್ತ ಬಾಗಿದಳು. "ಏನೋ ತಪ್ಪಾಗೈತೆ" ಎಂದು ಮತ್ತೆ ಮೊದಲಿಂದ ಮಾಡಿದಳು. ಅದೇ ರಾಶಿ.

ಎರಡು ಗೆರೆಗಳನ್ನೂ ಒಂದರ ಕೆಳಗೊಂದು ಇಡಿಸಿದೆ. ನಡುವೆ ಒಂದು ಕಡೆ ನನ್ನದು ಸಪ್ಪಗೆ ಮಲಗಿತ್ತು, ಮೂಗು ತುರಿಸಿದ ಹೊತ್ತು. ಅಕ್ಕನದೂ ಅಲ್ಲೇ ಮಲಗಿತ್ತು. ನನ್ನದು ಎದ್ದ ಕಡೆಯೇ ಎದ್ದಿತ್ತು.

ಅವಳೂ ಏಲಕ್ಕಿಯನ್ನೇ ನೆನೆದಿರಬಹುದು, ಒಪ್ಪುತ್ತೇನೆ. ಆರು ದಿನ ಮೊದಲೇ, ನನಗಿನ್ನೂ ಬಾರದ ತುರಿಕೆಗೆ ಅವಳೇಕೆ ನಿಂತಳು? ವಿಜಯಾ ಯಂತ್ರದ ದೋಷ ಎಂದು ಬರೆದಿಟ್ಟಳು. ತಿಳಿಯದ್ದಕ್ಕೆ ಹೆಸರಿಟ್ಟರೆ ಅವರಿಗೆ ನೆಮ್ಮದಿ. ನನಗೆ ಇಂದಿಗೂ ತಿಳಿದಿಲ್ಲ.

ಮಾರನೆಯ ಬೆಳಿಗ್ಗೆ, ನಿಲ್ಲಿಸಿದ್ದ ಕೈಕಾಲು ಆಡಿಸುವವಳನ್ನು ನಾನೇ ಮತ್ತೆ ಕರೆತಂದೆ. ಮುರುಗೇಶನನ್ನು ಹೊರಗೆ ಅಟ್ಟಿದೆ. ಅಕ್ಕನನ್ನು ಒರಗಿಸಿ ಕೂರಿಸಿ, ನಡುವೆ ಮೊರವಿಟ್ಟು, ಅವಳ ಅಂಗೈಗೆ ಒಂದು ಹಿಡಿ ಏಲಕ್ಕಿ ಹಾಕಿದೆ. ಎದುರಿಗೆ ಕೂತು ಆಯ್ದೆ. ನನ್ನ ಹಿಡಿ ಮುಗಿಯಿತು. ಮೊರ ಕುಟ್ಟದೆ ಕಾದು ಕೂತೆ.