ಅಸ್ಥಿ ಕಾಯುತ್ತದೆ ಎಂದ ಟೀಚರ್

ಈ ಮೂಲಕ ಓದುಗರಲ್ಲಿ ನಿವೇದಿಸಿಕೊಳ್ಳುವುದೇನೆಂದರೆ, ನಿನ್ನೆ ನಮ್ಮ ಅಡುಗೆಮನೆಯಲ್ಲಿ ಸಕ್ಕರೆ ಪಾಕ ಸೀದುಹೋಯಿತು. ಆ ಕಹಿ ವಾಸನೆಯಿಂದ ನನ್ನ ರಸಾಯನಶಾಸ್ತ್ರದ ಟೀಚರ್ ನೆನಪಾದರು. ಬರೆದು ರೂಢಿಯಿಲ್ಲದ್ದರಿಂದ ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ಅವರು ವಿಜಯಪುರದ ಕಡೆಯವರು. ಮುಂಬಯಿಯ ಆಂಟಾಪ್ ಹಿಲ್‌ನಲ್ಲಿ ನಮ್ಮ ಮಹಡಿಯಲ್ಲೇ ಒಬ್ಬರೇ ವಾಸವಾಗಿದ್ದರು. ನಾನು ಹತ್ತನೆಯ ತರಗತಿಯಲ್ಲಿದ್ದಾಗ, ಮಳೆಗಾಲದಲ್ಲಿ, ನನ್ನ ತಂದೆಯವರು ತೀರಿಕೊಂಡರು. ಹಡಗಿನಲ್ಲಿ ಅಡುಗೆ ಕೆಲಸಕ್ಕಿದ್ದ ಅಣ್ಣನಿಗೆ ಕೂಡಲೇ ಬರಲು ಸಾಧ್ಯವಿರಲಿಲ್ಲ. ಅವನ ಕೈಯಿಂದಲೇ ಊರಿನ ಹೊಳೆಯಲ್ಲಿ ಅಸ್ಥಿ ಬಿಡಿಸಬೇಕೆಂಬುದು ಅಮ್ಮನ ಏಕೈಕ ಆಸೆಯಾಗಿತ್ತು. ಸ್ಮಶಾನದ ಕಪಾಟಿನಲ್ಲಿ, ಬಟ್ಟೆ ಕಟ್ಟಿದ ಮಡಕೆಯಲ್ಲಿ ಅಸ್ಥಿಯನ್ನು ಇಡಲಾಗಿತ್ತು. ಈ ತೇವಕ್ಕೆ ಅದು ಕೆಡುತ್ತದೆ, ನಾಳೆಯೇ ಇಲ್ಲಿನ ಸಮುದ್ರಕ್ಕೆ ಬಿಡೋಣವೆಂದು ಸೋದರಮಾವ ಹಟ ಹಿಡಿದಿದ್ದರು.

"ಟೀಚರೇ, ಗೋಡೆಗೇ ಬೂಸ್ಟು ಹಿಡೀತದೆ. ಅವರದ್ದು ಹಾಳಾಗ್ಲಿಕ್ಕಿಲ್ವಾ?" ಎಂದು ಅಮ್ಮ ಅಳುತ್ತಾ ಕೇಳಿದರು.

ಟೀಚರ್ ನಮ್ಮೆಲ್ಲರನ್ನೂ ತಮ್ಮ ಅಡುಗೆಮನೆಗೆ ಕರೆದೊಯ್ದು ಗ್ಯಾಸ್ ಹಚ್ಚಿದರು. ಒಂದು ಚಮಚದಲ್ಲಿ ಸಕ್ಕರೆ, ಇನ್ನೊಂದರಲ್ಲಿ ಉಪ್ಪು.

"ಸಾವಿನ ಮನೆಯವ್ರಿಗೂ ಕ್ಲಾಸಾ ಟೀಚರೇ?" ಎಂದರು ಮಾವ.

"ಹೌದ್ರೀ ಮಾಮಾ, ನಿಮಗೂ ಅಡ್ಮಿಶನ್ ಐತಿ. ಕುಂದರ್ರಿ."

ಸಕ್ಕರೆ ಕರಗಿ, ಹೊಗೆಯಾಡಿ ಕಪ್ಪಾಯಿತು. ಉಪ್ಪು ಚಟಪಟ ಸಿಡಿದು ಬೆಳ್ಳಗೇ ಉಳಿಯಿತು.

"ನೋಡ್ರಿ ಅಕ್ಕಾರ, ಕಪ್ಪಾದದ್ದು ಸಾವಯವ. ಬೂಸ್ಟು ತಿನ್ನೂದು ಅಂಥಾದ್ದನ್ನ. ನಿಮ್ಮ ಮನಿಯವ್ರ ಮೈಯಾಗಿನ ಸಾವಯವ ಎಲ್ಲಾ ಬೆಂಕ್ಯಾಗ ಹೋತು. ಉಳಿದದ್ದು ನಿರವಯವ, ಈ ಉಪ್ಪಿನ ಬಳಗದ್ದು. ಅದು ಕೊಳೆಯೂದಿಲ್ಲ. ಮಗಾ ಬರೋತನಕಾ ಕಾಯ್ತೈತಿ."

ತರಗತಿಯಲ್ಲಿ ಇದೇ ವ್ಯತ್ಯಾಸವನ್ನು ನಾನು ಅಂಕಗಳಿಗಾಗಿ ಬಾಯಿಪಾಠ ಮಾಡಿದ್ದೆನು... ಅಮ್ಮ ಮಾತ್ರ ಬಹಳ ಹೊತ್ತು ಆ ಬಿಳಿಯ ಉಪ್ಪನ್ನೇ ನೋಡುತ್ತಿದ್ದರು. ಬಳಿಕ ಮಾವನತ್ತ ತಿರುಗಿ, "ಕಾಯುವಾ" ಎಂದರು.

ಮಳೆ ನಿಲ್ಲುವ ಹೊತ್ತಿಗೆ ಅಣ್ಣ ಬಂದನು. ಊರಿನ ಹೊಳೆಯಲ್ಲಿ ಕಾರ್ಯ ನೆರವೇರಿತು. ಆ ಸಂಜೆ ಅಮ್ಮ ತಾವಾಗಿಯೇ ಎರಡನೆಯ ಬಾರಿ ಅನ್ನ ಹಾಕಿಸಿಕೊಂಡರು.

ನಿವೃತ್ತಿಯ ನಂತರ ಟೀಚರ್ ಭಾಂಡುಪ್‌ಗೆ ಮನೆ ಬದಲಾಯಿಸಿದರು. ಹೋಗಿಬರುವುದು ವಿರಳವಾಯಿತು... ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡ ಸುದ್ದಿ ಊರಿನಲ್ಲಿದ್ದ ನನಗೆ ತಡವಾಗಿ ತಲುಪಿತು. ಅವರ ತಂಗಿಯ ಮಗನಿಗೆ ಫೋನು ಮಾಡಿದೆನು.

"ಆಂಟಿ, ನನಗೆ ಪುಣೆಗೆ ವಾಪಸ್ ಹೋಗೋದಿತ್ತು. ಅಸ್ಥಿ ಮಾರನೇ ದಿನಾನೇ ಸಮುದ್ರಕ್ಕೆ ಬಿಟ್ಟೆ. ನಿಮಗೆ ಬರ್ಬೇಕಿತ್ತಾ?"

"ಹೌದು."

"ಸಾರಿ ಆಂಟಿ, ಮಾಲೂಮ್ ಇರ್ಲಿಲ್ಲ."

ಅವನದೇನೂ ತಪ್ಪಿಲ್ಲ. ಮಕ್ಕಳಿಗಾಗಿ ಕಾಯುತ್ತಾರೆ; ವಿದ್ಯಾರ್ಥಿಗಳಿಗಾಗಿ ಕಾಯುವ ಪದ್ಧತಿ ನಮ್ಮಲ್ಲಿಲ್ಲ. ಆದಾಗ್ಯೂ ಮುಂಬಯಿಗೆ ಮರಳಿದ ದಿನವೇ ಲೋಕಲ್ ಹಿಡಿದು ಭಾಂಡುಪ್‌ಗೆ ಹೋದೆನು. ಬಾಗಿಲಿಗೆ ಬೀಗವಿತ್ತು. ಹೊರಗೆ ಚಪ್ಪಲಿ ಬಿಟ್ಟು, ಸ್ವಲ್ಪ ಹೊತ್ತು ನಿಂತಿದ್ದೆನು.