ಫಕೀರವ್ವನ ಊರುಗೋಲಿನ ರಬ್ಬರು

ಕಲ್ಲುಗಣಿಯಲ್ಲಿ ಬಂಡೆ ಉರುಳಿ ಫಕೀರವ್ವನ ಬಲಗಾಲು ತುಂಡಾದ ವರ್ಷ, ಟಯರಿಗೆ ತೇಪೆ ಹಾಕುವ ಕಳಕಪ್ಪ ಅವಳಿಗೊಂದು ಮಾತು ಕೊಟ್ಟಿದ್ದ: “ನೀ ನಡಿಯೂತನಕ ನಿನ್ನ ಕೋಲಿಗೆ ರಬ್ಬರ್ ನಾ ಹಾಕತೀನಿ ಯಕ್ಕಾ. ಅದು ಜಾರಂಗಿಲ್ಲ.”

ಗಜೇಂದ್ರಗಡದ ಬಸ್ ನಿಲ್ದಾಣದ ಹಿಂದಿನ ತಗಡಿನ ಶೆಡ್ಡಿನಲ್ಲಿ ಬೆಳಕು ಹರಿಯುವ ಮೊದಲೇ ಒಲೆ ಹೊತ್ತಿದೆ. ರೋಣದ ಮೊದಲ ಬಸ್ಸು ಬರುವಷ್ಟರಲ್ಲಿ ಟಯರಿನ ತೇಪೆ ಬೆಂದಿರಬೇಕು. ಕಳಕಪ್ಪ ಹಸಿ ರಬ್ಬರನ್ನು ಕೈಯಿಂದ ತಿರುಗಿಸುವ ಜೋಡಿ ಉರುಳೆಗಳ ನಡುವೆ ಕೊಟ್ಟು, ಮೇಲೆ ಗಂಧಕದ ಪುಡಿ ಉದುರಿಸುತ್ತಾ ತಿರುವುತ್ತಾನೆ. ಗಂಧಕ ಸೇರಿ ಬೆಂದರೇ ರಬ್ಬರಿಗೆ ಪುಟಿಯುವ ಗುಣ. ಕಡಿಮೆಯಾದರೆ ಬಿಸಿಲಿಗೆ ಬೆಲ್ಲದಂತೆ ಅಂಟುತ್ತದೆ, ಹೆಚ್ಚಾದರೆ ಕೊಂಬಿನಂತೆ ಗಡಸಾಗುತ್ತದೆ.

ಮುಶಿಗೇರಿಯ ಕೂಲಿಯವರ ಮಗ ಈತ. ಎರಡನೇ ಮಹಾಯುದ್ಧ ಮುಗಿದ ಮೇಲೆ, ಮಿಲಿಟರಿ ಲಾರಿಯ ಕೆಲಸದಿಂದ ಬಿಡುಗಡೆಯಾಗಿ ಬಂದ ಮೆಕ್ಯಾನಿಕ್ ಒಬ್ಬನ ಹತ್ತಿರ ಈ ಕೆಲಸ ಕಲಿತ. ಮುಂಗೈ ತುಂಬ ಸುಟ್ಟ ಕಲೆ. ಮೈಗೆ ಹತ್ತಿದ ವಾಸನೆ ತೊಳೆದರೂ ಬಿಡದು. “ಮದಿವಿ ಊಟಕ್ಕ ನನ್ನ ಬಾಗಲಾಗ ಕುಂಡ್ರಸ್ತಾರ್ರಿ, ಗಾಳಿ ಆಡ್ಲಿ ಅಂತ” ಎಂದು ನಗುತ್ತಾನೆ. ಆ ನಗು ಅಲ್ಲಿಗೇ ನಿಲ್ಲುತ್ತದೆ.

ಈ ಬೇಸಿಗೆಯಲ್ಲಿ ಶೆಡ್ಡಿನ ಮಾಲೀಕ ಪ್ರಾಣೇಶರಾಯರು ಹುಬ್ಬಳ್ಳಿಯಿಂದ ಹೊಸ ಗಂಧಕ ತರಿಸಿದರು. ಮುಂಬಯಿ ಕಡೆ ಕಚ್ಚಾ ಎಣ್ಣೆ ಶುದ್ಧ ಮಾಡುವಾಗ ಉಳಿದು ಬರುವ ಮಾಲು, ನಿಂಬೆಹಣ್ಣಿನ ಬಣ್ಣ, ಕಲಬೆರಕೆಯಿಲ್ಲದ್ದು. ಸಂತೆಯ ಹಳೆಯ ಗಂಧಕದಲ್ಲಿ ಅರ್ಧಕ್ಕರ್ಧ ಕಲ್ಲುಪುಡಿಯೇ ಇರುತ್ತಿತ್ತು. ಅದಕ್ಕೆ ತಕ್ಕಂತೆ ಕಳಕಪ್ಪ ಒಂದು ಕರಟದ ಅಳತೆ ಇಟ್ಟುಕೊಂಡಿದ್ದ. ಹೊಸದನ್ನೂ ಅದೇ ಕರಟದಲ್ಲಿ ಅಳೆದ. ಅದರಿಂದ ಮೊದಲು ಬೇಯಿಸಿದ್ದು ಫಕೀರವ್ವನ ಕೋಲಿನ ತುದಿಗೆ ಹಾಕುವ ರಬ್ಬರಿನ ಪಾದ.

“ಬಡದು ನೋಡಿದ್ನಿರಿ. ಟಕ್ ಅಂತು. ಭಾಳ ಗಟ್ಟಿ ಆಗೇತಿ ಅಂತ ಹಿಗ್ಗಿದೆ” ಎನ್ನುತ್ತಾನೆ, ನೆಲ ನೋಡುತ್ತಾ. “ರಬ್ಬರ್ ಟಕ್ ಅನಬಾರದ್ರಿ. ಅಷ್ಟು ತಿಳೀಲಿಲ್ಲ ನನಗ.”

ಬಾವಿಯ ಒದ್ದೆ ಮೆಟ್ಟಿಲ ಮೇಲೆ ಕೋಲು ಸರ್ರನೆ ಹೋಯಿತು. ಫಕೀರವ್ವನ ಬಲಗೈ ಮಣಿಕಟ್ಟು ಮುರಿಯಿತು. ರೊಟ್ಟಿ ಬಡಿದು ಮಾರಿ ಬದುಕುವವಳಿಗೆ ಆ ಕೈಯೇ ಅನ್ನ. ಆಮೇಲೆ ಎಷ್ಟೋ ದಿನ ಕಳಕಪ್ಪ ಅವಳ ಓಣಿ ತಪ್ಪಿಸಿ, ಗುಡ್ಡದ ಬುಡದ ಸುತ್ತುದಾರಿಯಲ್ಲಿ ಮನೆ ಸೇರುತ್ತಿದ್ದ.

ಕೊನೆಗೊಂದು ಮುಂಜಾನೆ, ಅರ್ಧ ಕರಟ ಗಂಧಕವಷ್ಟೇ ಹಾಕಿ ಬೇಯಿಸಿದ ಹೊಸ ಪಾದ ಹಿಡಿದು ಹೋದ. ಫಕೀರವ್ವ ಕಟ್ಟೆಯ ಮೇಲಿದ್ದಳು, ಕೈಗೆ ಬಿದಿರಿನ ದಬ್ಬೆ ಕಟ್ಟಿತ್ತು.

“ಬಂದೆಪಾ ಟಯರ್ ಸಾಹುಕಾರ. ಒಂದ ಕಾಲು ಉಳದೈತಿ, ಅದನೂ ಒಯ್ಯಾಕ ಬಂದೇನು?”

“ತಪ್ಪಾತು ಯಕ್ಕಾ. ಕೈ ಕೂಡೂತನಕ ರೊಟ್ಟಿ ನಾ ಬಡದು ಕೊಡತೀನಿ.”

“ಗಂಧಕ ನಾರೂ ರೊಟ್ಟಿ ಯಾಂವ ತಿಂತಾನೋ?”

ಎಡಗೈ ಉಗುರಿನಿಂದ ಅವಳು ರಬ್ಬರನ್ನು ಒತ್ತಿ ನೋಡಿದಳು. ಮೆತ್ತಗೆ ತಗ್ಗಿ ಮತ್ತೆ ಎದ್ದಿತು. ಕೋಲು ಮುಂದೆ ಚಾಚಿದಳು.

ನಿಮ್ಮ ಬಗ್ಗೆ ಪತ್ರಿಕೆಯಲ್ಲಿ ಏನು ಬರೆಯಬೇಕು ಎಂದು ಕೇಳಿದರೆ ಕಳಕಪ್ಪ ಉರುಳೆಯ ಹಿಡಿ ಬಿಡುವುದಿಲ್ಲ. “ಚಲೋ ಕೆಲಸಗಾರ ಅಂತ ಹಾಕಬ್ಯಾಡ್ರಿ. ಆಕಿಗೆ ಯಾರರ ಓದಿ ಹೇಳ್ತಾರ. ಆದದ್ದು ಹಾಕ್ರಿ.”

ಆದದ್ದು ಇಷ್ಟು: ಕೋಲು ಜಾರಿತು. ಕಳಕಪ್ಪ ಕೊಟ್ಟ ಮಾತು ಉಳಿಯಲಿಲ್ಲ.